ಒಂದು ತೋಳು ಬಿಗಿ, ಒಂದು ತೋಳು ಸಡಿಲ

ಬಿಗಿಯಕ್ಕನ ಕೋಣೆಯಿಂದ ನಗುತ್ತಾ ಹೊರಗೆ ಬಂದವರು ಕಡಿಮೆ. ಬಹಳ ಜನ ಬೈಯುತ್ತಲೇ ಬರುತ್ತಿದ್ದರು.

ಸುಟ್ಟಗಾಯದ ವಾರ್ಡಿನ ಹಿಂದೆ, ಬೆಡ್‌ಶೀಟ್ ಗೋಡೌನಿಗೂ ಲಿಫ್ಟಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ ಅದು. ಎರಡು ಹೊಲಿಗೆ ಮಿಷನ್ನು, ಒಂದು ಕತ್ತರಿಸುವ ಮೇಜು, ಗೋಡೆಗೆ ಒರಗಿಸಿಟ್ಟ ಎಲಾಸ್ಟಿಕ್ ಬಟ್ಟೆಯ ಸುರುಳಿಗಳು. ಚರ್ಮದ ಕಸಿ ಮುಗಿದು, ಗಾಯ ಆರಿ, ಇನ್ನೇನು ಮನೆಗೆ ಹೋದರಾಯಿತು ಅಂದುಕೊಂಡವರನ್ನು ಪ್ಲಾಸ್ಟಿಕ್ ಸರ್ಜರಿ ಡಾಕ್ಟರುಗಳು ಇಲ್ಲಿಗೆ ಅಟ್ಟುತ್ತಿದ್ದರು. ಆರಿದ ಗಾಯ ಸುಮ್ಮನಿರುವುದಿಲ್ಲ. ಕಲೆ ಉಬ್ಬುತ್ತದೆ, ಹಗ್ಗದ ಹಾಗೆ ದಪ್ಪಗಾಗಿ ಕೈಯನ್ನೋ ಕತ್ತನ್ನೋ ಎಳೆದು ಹಿಡಿಯುತ್ತದೆ. ಅದನ್ನು ಒತ್ತಿ ಕೂರಿಸಲು ಮೈಗೆ ಅಂಟಿದಂಥ ಬಿಗಿ ಅಂಗಿ, ಬಿಗಿ ತೋಳು, ಬಿಗಿ ಕಾಲುಚೀಲ. ಹಗಲೂ ರಾತ್ರಿ ಹಾಕಬೇಕು, ಸ್ನಾನಕ್ಕಷ್ಟೇ ಬಿಚ್ಚಬೇಕು. ಬೇಸಿಗೆಯಲ್ಲೂ ಬಿಡುವಿಲ್ಲ.

"ಉಸಿರು ಕಟ್ಟತ್ತೆ ಅಕ್ಕಾ, ಸ್ವಲ್ಪ ಸಡಿಲ ಮಾಡಿ."

"ಉಸಿರಾಡೋದು ಮೂಗಲ್ಲಿ, ಮೊಣಕೈಯಲ್ಲಲ್ಲ. ಹಾಕ್ಕೊ."

ಬಿಗಿಯಕ್ಕ ಅನ್ನುವ ಹೆಸರು ವಾರ್ಡಿನವರೇ ಇಟ್ಟದ್ದು. ಅವಳಿಗೆ ಅದರ ಬಗ್ಗೆ ಬೇಜಾರಿರಲಿಲ್ಲ, ಒಳಗೊಳಗೇ ಜಂಬವೂ ಇತ್ತು. ಇಲ್ಲಿಗೆ ಬರುವ ಮೊದಲು ಅವಳು ಈಜುಡುಪು ಹೊಲಿಯುವ ಫ್ಯಾಕ್ಟರಿಯಲ್ಲಿದ್ದಳು. ಅಲ್ಲಿ ಮುಷ್ಕರವಾಯಿತು, ಗೇಟಿಗೆ ಬೀಗ ಬಿತ್ತು, ಮುಂದಿನ ಸಾಲಿನಲ್ಲಿ ನಿಂತು ಕೂಗಿದವರಿಗೆ ಆಮೇಲೆ ಯಾವ ಫ್ಯಾಕ್ಟರಿಯೂ ಬಾಗಿಲು ತೆರೆಯಲಿಲ್ಲ. ಬಿಗಿಯಕ್ಕ ಗಂಟಲು ಹರಿಯುವ ಹಾಗೆ ಕೂಗಿದ್ದವಳು. ಆಸ್ಪತ್ರೆಯವರಿಗೆ ಎಲಾಸ್ಟಿಕ್ ಬಟ್ಟೆಯನ್ನು ಪಳಗಿಸುವ ಕೈ ಬೇಕಾಗಿತ್ತು. ಬಾಯಿಯ ಬಗ್ಗೆ ಅವರು ವಿಚಾರಿಸಲಿಲ್ಲ.

ಬಟ್ಟೆ ಒತ್ತಿದರೆ ಕಲೆ ಇಳಿಯುತ್ತದೆ ಅನ್ನುವುದರಲ್ಲಿ ಅವಳಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಬರುವುದಾದರೂ ಹೇಗೆ? ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟ್ರು ಸಭೆ ಸಭೆಗಳಲ್ಲಿ ಪರದೆಯ ಮೇಲೆ ಫೋಟೋ ತೋರಿಸುತ್ತಿದ್ದರು. ಎಡಕ್ಕೆ ಮೊದಲು, ಬಲಕ್ಕೆ ಆಮೇಲೆ. ಅವುಗಳಲ್ಲಿ ಕೆಲವಕ್ಕೆ ಚೌಕಟ್ಟು ಹಾಕಿಸಿ ಬಿಗಿಯಕ್ಕನ ಗೋಡೆಗೂ ಹೊಡೆಸಿದ್ದರು. "ನೋಡಮ್ಮ, ಇದೆಲ್ಲ ನಿನ್ನ ಕೈಗುಣ" ಅಂತ ಅವರು ಒಂದು ಸಲ ಅಂದದ್ದಕ್ಕೆ ಅವಳು ಒಂದು ವಾರ ನೆಲ ಮುಟ್ಟದೆ ಓಡಾಡಿದ್ದಳು.

ಈ ಗೋಡೆಯ ಮುಂದೆಯೇ ಹೊಸ ಡಾಕ್ಟ್ರಮ್ಮ ಬಂದು ನಿಂತದ್ದು. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಸಣ್ಣ ಆಳು, ದೊಡ್ಡ ಕನ್ನಡಕ.

"ಇವರೆಲ್ಲ ಯಾರು ಅಕ್ಕ?"

"ಗುಣ ಆದೋರು."

"ಗುಣ ಆಗದೆ ಇದ್ದೋರ ಫೋಟೋ?"

"ಅವರ ಫೋಟೋ ಯಾಕೆ ಹಾಕ್ತಾರೆ?"

"ಅದನ್ನೇ ನಾನೂ ಕೇಳ್ತಿರೋದು."

ಬಿಗಿಯಕ್ಕ ಮಿಷನ್ ನಿಲ್ಲಿಸಿದಳು. ಡಾಕ್ಟ್ರಮ್ಮ ಗೋಡೆಗೆ ಮೂಗು ತಾಗಿಸಿ ನೋಡುತ್ತಲೇ ಇದ್ದಳು. "ಮೊದಲ ಫೋಟೋ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು, ಬೆಳಕು ಪಕ್ಕದಿಂದ ಬಿದ್ದು ಉಬ್ಬೆಲ್ಲ ಎದ್ದು ಕಾಣ್ತಿದೆ. ಆಮೇಲಿನದು ಕಿಟಕಿ ಮುಂದೆ. ನನ್ನ ಮುಖವನ್ನೂ ಹೀಗೆ ತೆಗೆದ್ರೆ ಹತ್ತು ವರ್ಷ ಕಮ್ಮಿ ಕಾಣ್ತೀನಿ."

ಅವಳು ಹೇಳಿದ್ದು ಇಷ್ಟು. ಸುಟ್ಟ ಕಲೆ ಏನೂ ಮಾಡದೆ ಬಿಟ್ಟರೂ ಕಾಲ ಕಳೆದ ಹಾಗೆ ತಾನಾಗಿ ಎಷ್ಟೋ ಇಳಿಯುತ್ತದೆ. ಇಳಿದದ್ದು ಬಟ್ಟೆಯಿಂದಲೋ ಕಾಲದಿಂದಲೋ ಹೇಗೆ ಗೊತ್ತು? ಇದರ ಬಗ್ಗೆ ಬಂದ ಸಂಶೋಧನೆಗಳನ್ನು ಅವಳು ಗುಡ್ಡೆ ಹಾಕಿಕೊಂಡು ಓದಿದ್ದಳು. ಹೆಚ್ಚಿನವುಗಳಲ್ಲಿ ಬಟ್ಟೆ ಹಾಕದವರ ಜೊತೆ ಹೋಲಿಕೆಯೇ ಇಲ್ಲ. ಕೆಲವುಗಳಲ್ಲಿ ಬೆರಳೆಣಿಕೆಯ ರೋಗಿಗಳು. ನಡುವೆ ಬಿಟ್ಟು ಹೋದವರ ಗತಿ ಏನಾಯಿತು ಅಂತ ಕೇಳಿದವರಿಲ್ಲ. ಕೊನೆಗೆ ಕಲೆಯನ್ನು ನೋಡಿ ಅಂಕ ಹಾಕಿದವರು, ಚಿಕಿತ್ಸೆ ಕೊಟ್ಟ ಅದೇ ಡಾಕ್ಟರು.

"ತನ್ನ ಪರೀಕ್ಷೆಗೆ ತಾನೇ ಅಂಕ ಹಾಕ್ಕೊಂಡ ಹಾಗೆ" ಅಂದಳು ಡಾಕ್ಟ್ರಮ್ಮ.

ಬಿಗಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಅಂದ್ರೆ ನಾನು ಇಷ್ಟು ವರ್ಷ ಜನಾನ ಸುಮ್ಮಸುಮ್ಮನೆ ಬೇಯಿಸಿದೆ ಅಂತೀರಾ?"

"ಗೊತ್ತಿಲ್ಲ ಅಂತೀನಿ."

"ಗೊತ್ತಿಲ್ದೆ ಇದ್ರೆ ಬಾಯಿ ಮುಚ್ಕೊಂಡಿರ್ಬೇಕು."

"ಗೊತ್ತಿಲ್ಲ ಅಂತ ಹೇಳೋಕೂ ಬಾಯಿ ತೆರೀಲೇಬೇಕಲ್ಲ ಅಕ್ಕ."

ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಚ್ಚುವ ಮೊದಲೇ ಗಂಡನ ಮುಂದೆ ಇದೆಲ್ಲವನ್ನೂ ಕಾರಿಕೊಂಡಳು. ಗಂಡ ಲೇತ್ ಮಿಷನ್ನಿನ ಕೆಲಸಗಾರ, ಮಾತು ಕಡಿಮೆ, ಆಡಿದರೆ ಚುಚ್ಚುಮಾತೇ.

"ನಿಮ್ಮ ಫ್ಯಾಕ್ಟರಿ ಮಾಲೀಕ ಕ್ಯಾಂಟೀನ್ ಗೋಡೆಗೆ ಫೋಟೋ ಹಾಕ್ಸಿದ್ನಲ್ಲ, ನಮ್ಮ ಕೆಲಸಗಾರರು ಸುಖವಾಗಿದ್ದಾರೆ ಅಂತ. ಅದರಲ್ಲಿ ನೀನಿದ್ಯೇನೇ?"

"ನಾನ್ಯಾಕಿರ್ತೀನಿ? ಹಲ್ಲು ಕಿಸಿಯೋರನ್ನ ಹುಡುಕಿ ನಿಲ್ಸಿದ್ರು."

"ಸರಿ ಹಾಗಾದ್ರೆ" ಅಂದು ಅವನು ಟಿವಿಯ ಕಡೆ ತಿರುಗಿದ. ಬೆಳಿಗ್ಗೆ ಬಿಗಿಯಕ್ಕ ಎದ್ದವಳೇ ಸೀದಾ ಡಾಕ್ಟ್ರಮ್ಮನ ಬಾಗಿಲು ತಟ್ಟಿದಳು.

"ಗೊತ್ತು ಮಾಡ್ಕೊಳ್ಳೋದು ಹೇಗೆ, ಅದನ್ನ ಹೇಳಿ."

ಹೇಗೆ ಅಂತ ಡಾಕ್ಟ್ರಮ್ಮ ಆಗಲೇ ಯೋಚಿಸಿಟ್ಟಿದ್ದಳು. ಎರಡೂ ಕೈ ಒಂದೇ ಥರ ಸುಟ್ಟ ರೋಗಿಗಳನ್ನು ಆರಿಸುವುದು. ಒಂದು ಕೈಗೆ ಬಿಗಿ ತೋಳು, ಇನ್ನೊಂದಕ್ಕೆ ಸಡಿಲ ತೋಳು. ಮೈ ಒಂದೇ, ವಯಸ್ಸು ಒಂದೇ, ಕಾಲವೂ ಒಂದೇ, ವ್ಯತ್ಯಾಸ ಇರುವುದು ಒತ್ತಡ ಒಂದರಲ್ಲೇ. ಯಾವ ಕೈಗೆ ಯಾವುದು ಅನ್ನುವುದನ್ನು ಡಾಕ್ಟರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಮೇಲಿನ ಮಹಡಿಯಲ್ಲಿ ಅಂಕಿಅಂಶ ನೋಡಿಕೊಳ್ಳುವ ಲೆಕ್ಕದ ಮಾಸ್ತರ ಕಂಪ್ಯೂಟರಿನಲ್ಲಿ ಚೀಟಿ ಎತ್ತಿದ ಹಾಗೆ ಎತ್ತಿ, ಬಿಗಿಯಕ್ಕನಿಗೆ ಮಾತ್ರ ಫೋನಿನಲ್ಲಿ ಹೇಳುತ್ತಾನೆ. ಅಂಕ ಹಾಕಲು ಬೇರೆ ಆಸ್ಪತ್ರೆಯ ಡಾಕ್ಟರು ಬರುತ್ತಾರೆ. ರೋಗಿ ತೋಳುಗಳನ್ನು ಮೊದಲೇ ಬಿಚ್ಚಿಟ್ಟು, ಎಲಾಸ್ಟಿಕ್ಕಿನ ಗೆರೆಗಳೆಲ್ಲ ಅಳಿದ ಮೇಲೆ ಅವರ ಮುಂದೆ ಕೂರುತ್ತಾನೆ. ಉಬ್ಬಿದ ಕಲೆ ಬೇರೆ, ಚಪ್ಪಟೆ ಕಲೆ ಬೇರೆ ಲೆಕ್ಕ ಅನ್ನುವುದನ್ನೂ ಶುರುವಿನಲ್ಲೇ ಬರೆದಿಟ್ಟು ಬೀಗ ಹಾಕಿದರು. ಆಟ ಮುಗಿದ ಮೇಲೆ ಗೆರೆ ಎಳೆಯುವ ಹಾಗಿಲ್ಲ.

ದೊಡ್ಡ ಡಾಕ್ಟ್ರು ಒಪ್ಪಿಕೊಂಡರು, ಆದರೆ ಬಿಗಿಯಕ್ಕನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಉಪಯೋಗ ಇಲ್ಲ ಅಂತ ಬಂದ್ರೆ ಆಡಳಿತದವರು ನಿನ್ನ ಕೋಣೆಗೆ ಬೀಗ ಹಾಕ್ತಾರೆ. ಆಮೇಲೆ ನನ್ನ ಹತ್ತಿರ ಬಂದು ಅಳಬೇಡ."

"ಬೀಗ ನಾನು ನೋಡಿದ್ದೀನಿ ಸಾರ್" ಅಂದಳು. ಕೋಣೆ ಹೋದರೆ ಇನ್ನೊಂದು ಕೆಲಸ ಸಿಕ್ಕೀತು. ಆದರೆ ಇಷ್ಟು ವರ್ಷ ಬೆವರಿನಲ್ಲಿ ಅದ್ದಿ ಕೂರಿಸಿದ ಅಷ್ಟೂ ಜನರಿಗೆ ತಾನು ಕೊಟ್ಟದ್ದು ಔಷಧಿಯೋ ಬರೀ ಹಿಂಸೆಯೋ? ಅದು ಗೊತ್ತಾಗದೆ ಇನ್ನೊಂದು ಅಂಗಿಗೆ ಕತ್ತರಿ ಹಾಕಲು ಅವಳಿಗೆ ಮೊದಲಿನಂತೆ ಕೈ ಬರುತ್ತಿರಲಿಲ್ಲ.

ಪರೀಕ್ಷೆ ಶುರುವಾಯಿತು. ಶುರುವಾದದ್ದೇ ಬಿಗಿಯಕ್ಕನ ಮೈಗೆ ಹಳೆಯ ಹುರುಪು ಬಂದುಬಿಟ್ಟಿತು. ಫೋನು ಬಡಿದುಕೊಂಡರೆ ಸಾಕು, ಕಾಲುಪೆಡಲ್ಲು ಬಿಟ್ಟು ಹಾರುತ್ತಿದ್ದಳು. "ಎಡವಾ ಬಲವಾ ಮಾಸ್ತರೇ? ಬೇಗ ಬೊಗಳಿ!" ಆ ಕಡೆ ಲೆಕ್ಕದ ಮಾಸ್ತರ ಗಂಟಲು ಸರಿಮಾಡಿಕೊಂಡು, "ಬಲಗೈ ಬಿಗಿ, ಎಡಗೈ ಸಡಿಲ" ಅಂತ ತೀರ್ಪು ಓದುವವನ ಹಾಗೆ ಹೇಳುತ್ತಿದ್ದ. ಕಷ್ಟವೆಲ್ಲ ಇದ್ದದ್ದು ಸಡಿಲ ತೋಳು ಹೊಲಿಯುವುದರಲ್ಲಿ. ಬೆರಳುಗಳು ತಾವಾಗಿಯೇ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ಹೊಲಿದು ನೋಡಿದರೆ ಬಿಗಿ! ಬಿಚ್ಚು, ಮತ್ತೆ ಹೊಲಿ, ಮತ್ತೆ ಬಿಗಿ! ತನ್ನ ಕೈಗಳಿಗೆ ತಾನೇ ಕೆಟ್ಟಕೆಟ್ಟ ಬೈಗುಳ ಬೈದುಕೊಂಡು ಅಂತೂ ಸಡಿಲ ಹೊಲಿಯುವುದನ್ನು ಕಲಿತಳು.

ಬಾಯಿ ಮುಚ್ಚಿಕೊಂಡಿರುವುದು ಅದಕ್ಕಿಂತ ಕಷ್ಟ. ಗಂಡ ದಿನಾ ಕೆಣಕುತ್ತಿದ್ದ. "ಬೇಕರಿಯವನ ಯಾವ ಕೈನೇ ಬಿಗಿ? ನನಗಾದ್ರೂ ಹೇಳೇ."

"ನಿಮ್ಮ ಬಾಯೇ ಬಿಗಿ ಇರ್ಲಿ, ಸುಮ್ನೆ ಊಟ ಮಾಡ್ರಿ."

ಆ ಬೇಕರಿಯವನೇ ಎಡವಟ್ಟನ್ನು ಬೆಳಕಿಗೆ ತಂದದ್ದು. ಒಲೆಯ ಬಾಗಿಲು ಹಾರಿ ಎರಡೂ ಮುಂಗೈ ಸುಟ್ಟುಕೊಂಡವನು. ತಪಾಸಣೆಗೆ ಬಂದಾಗ ಬಿಗಿಯಕ್ಕ ಅವನ ಸಡಿಲ ತೋಳಿಗೆ ಬೆರಳು ತೂರಿಸಲು ಹೋದಳು. ಬೆರಳು ಹೋಗಲಿಲ್ಲ. ಮಗುಚಿ ನೋಡಿದರೆ ಒಳಗೆ ಉದ್ದಕ್ಕೂ ಕೈಹೊಲಿಗೆ, ಕಪ್ಪು ದಾರದಲ್ಲಿ, ಇರುವೆ ಸಾಲಿನ ಹಾಗೆ ಒತ್ತಾಗಿ!

"ಯಾರೋ ಇದನ್ನ ಹೊಲಿದೋರು?"

"ನಮ್ಮಮ್ಮ" ಅಂದ ಅವನು. ಅಮ್ಮ ಬಾಗಿಲಲ್ಲೇ ಇದ್ದಳು, ಒಳಗೆ ನುಗ್ಗಿದಳು.

"ನಾನೇ ಹೊಲಿದೆ, ಏನೀಗ? ಒಂದು ತೋಳು ಸರಿಯಾಗಿದೆ, ಇನ್ನೊಂದು ಒಣಗಿದ ಹೀರೇಕಾಯಿ ಥರ ಜೋತಾಡ್ತಿದೆ. ಹೊಲಿದವಳಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾಯ್ತು. ಇಂಥದನ್ನ ಹಾಕ್ಕೊಂಡು ನನ್ನ ಮಗ ಗಿರಾಕಿ ಮುಂದೆ ನಿಲ್ಬೇಕಾ?"

ಬಿಗಿಯಕ್ಕನಿಗೆ ಕಣ್ಣು ಕಾಣಲ್ಲ! ಈ ಮಾತು ಬೇರೆ ದಿನ ಬಂದಿದ್ದರೆ ಆಸ್ಪತ್ರೆಯ ಛಾವಣಿ ಹಾರಿಹೋಗುತ್ತಿತ್ತು. ಅವತ್ತು ಅವಳ ಕಾಲಕೆಳಗಿನ ನೆಲವೇ ಸರಿದಿತ್ತು. ಅವತ್ತಿನಿಂದ ತಪಾಸಣೆಗೆ ಬಂದ ರೋಗಿಗಳ ತೋಳನ್ನೆಲ್ಲ ಮಗುಚಿ ಮಗುಚಿ ನೋಡಿದಳು. ಒಬ್ಬನದಕ್ಕೆ ಹೆಂಡತಿ ಹೊಲಿಗೆ ಹಾಕಿದ್ದಾಳೆ, ಇನ್ನೊಬ್ಬಳದಕ್ಕೆ ಅತ್ತಿಗೆ, ಮತ್ತೊಬ್ಬನ ಮಾವ ಸೇಫ್ಟಿಪಿನ್ ಚುಚ್ಚಿದ್ದಾನೆ. ಒಂದು ತೋಳು ಒತ್ತುತ್ತದೆ, ಒಂದು ಒತ್ತುವುದಿಲ್ಲ, ಯಾವುದೆಂದು ಅಂಕ ಹಾಕುವವರಿಗೆ ಹೇಳಬಾರದು ಅಂತ ರೋಗಿಗಳಿಗೆಲ್ಲ ಬಿಡಿಸಿ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಸೂಜಿದಾರ ಇಟ್ಟುಕೊಂಡು ಕೂತವರಿಗೆ ಹೇಳಬೇಕು ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ಬಿಗಿಯಕ್ಕನ ತಲೆಗೂ ಹೊಳೆದಿರಲಿಲ್ಲ, ಅದೇ ಅವಳಿಗೆ ನುಂಗಲಾರದ ತುತ್ತು.

ಡಾಕ್ಟ್ರಮ್ಮನ ಕೋಣೆಯಲ್ಲಿ ಎಲ್ಲರೂ ಸೇರಿದರು. ದೊಡ್ಡ ಡಾಕ್ಟ್ರು ನಿರಾಳವಾಗಿ ಕಾಲು ಚಾಚಿದರು. "ಇದರಲ್ಲೇನಿದೆ? ಹೊಲಿಗೆ ಹಾಕಿಸಿಕೊಂಡವರನ್ನ ಲೆಕ್ಕದಿಂದ ತೆಗೆದುಹಾಕಿ. ಉಳಿದವರು ಸಾಕು."

"ತೆಗೆಯೋ ಹಾಗಿಲ್ಲ" ಅಂದಳು ಡಾಕ್ಟ್ರಮ್ಮ. "ಚೀಟಿ ಎತ್ತಿದಾಗ ಆ ಕೈ ಸಡಿಲದ ಪಾಲಿಗೆ ಬಂದಿದ್ರೆ, ಕೊನೇವರೆಗೂ ಸಡಿಲದ ಪಾಲಿಗೇ ಎಣಿಸ್ಬೇಕು."

ಈಗ ಬಿಗಿಯಕ್ಕನೇ ಎದ್ದು ನಿಂತಳು. "ಅದ್ಯಾವ ಸೀಮೆ ಲೆಕ್ಕ ಡಾಕ್ಟ್ರಮ್ಮ? ಬಿಗಿಯಾದ ತೋಳನ್ನ ಸಡಿಲ ಅಂತ ಎಣಿಸಿದ್ರೆ ಎರಡೂ ಕೈ ಒಂದೇ ಥರ ಕಾಣ್ತಾವೆ. ನನ್ನ ಬಟ್ಟೆ ಕೆಲಸ ಮಾಡಿದ್ರೂ ಮಾಡಿಲ್ಲ ಅನ್ನಿಸತ್ತೆ. ನನ್ನ ಕತ್ತು ಕೊಯ್ತಿದ್ದೀರಾ?"

"ಯಾರ ಕಲೆ ಉಬ್ಬಿ ಭಯ ಹುಟ್ಟಿಸ್ತೋ ಅವರ ಮನೆಯವರೇ ಮೊದಲು ಹೊಲಿಗೆ ಹಾಕಿರ್ತಾರೆ ಅಕ್ಕ. ಅವರನ್ನ ತೆಗೆದ್ರೆ ಕೆಟ್ಟ ಕಲೆಗಳನ್ನೇ ಆರಿಸಿ ಹೊರಗೆ ಹಾಕಿದ ಹಾಗೆ. ಇವತ್ತು ಇವರನ್ನ, ನಾಳೆ ಇನ್ಯಾರನ್ನೋ. ಬೇಡದೋರನ್ನ ತೆಗೀತಾ ಹೋದ್ರೆ ಬೇಕಾದ ಉತ್ತರ ಬಂದೇ ಬರತ್ತೆ."

ಬಿಗಿಯಕ್ಕನಿಗೆ ಹಳೆಯ ಫ್ಯಾಕ್ಟರಿಯ ಗೇಟು ಕಣ್ಣಮುಂದೆ ಬಂತು. ಮುಷ್ಕರ ಬೇಕೇ ಬೇಡವೇ ಅಂತ ಮತ ಹಾಕಿಸಿದಾಗ ಆಡಳಿತದವರು ಮಾಡಿದ್ದೇನು? ರಾತ್ರಿ ಪಾಳಿಯವರು ಕೆಲಸದ ಹೊತ್ತಲ್ಲಿ ಇರಲಿಲ್ಲ ಅಂತ ಅವರ ಮತ ಕಿತ್ತುಹಾಕಿದರು. ರಜೆಯಲ್ಲಿದ್ದವರದು ಕಿತ್ತುಹಾಕಿದರು. ಉಳಿದವರನ್ನು ಎಣಿಸಿ, ಕೆಲಸಗಾರರಿಗೆ ಮುಷ್ಕರ ಬೇಡವಂತೆ ಅಂತ ಬೋರ್ಡು ಬರೆದರು. ಒಂದೊಂದು ಹೆಸರು ಹೊಡೆಯುವಾಗಲೂ ಅವರ ಬಳಿ ಒಂದೊಂದು ಒಳ್ಳೆಯ ಕಾರಣ ಇತ್ತು.

"ಎಣಿಸಿ" ಅಂದಳು. ದನಿ ಒರಟಾಗಿತ್ತು. "ಎಲ್ಲರನ್ನೂ ಎಣಿಸಿ. ಸೋತರೆ ಸೋಲ್ತೀನಿ, ಹೋಗ್ಲಿ."

ಆದರೆ ಮುಂದೆ ಬರುವ ರೋಗಿಗಳದ್ದಾದರೂ ಸರಿಹೋಗಬೇಕಲ್ಲ? ಬೇಕರಿಯವನ ಅಮ್ಮನನ್ನೇ ಕರೆಸಿ ಕೂರಿಸಿದರು. ಅವಳು ಹೀರೇಕಾಯಿಯ ಮಾತನ್ನೇ ಮತ್ತೆ ಹೇಳಿದಳು. ಸಡಿಲ ಇದ್ದದ್ದಕ್ಕಲ್ಲ, ಜೋತುಬಿದ್ದದ್ದಕ್ಕೆ ಅವಳ ಸಿಟ್ಟು. ಡಾಕ್ಟ್ರಮ್ಮನ ಕಣ್ಣು ಅರಳಿತು. "ಅಕ್ಕ, ಜೋತುಬೀಳದೆ ಮೈಗೆ ಕೂರೋ, ಆದ್ರೆ ಒತ್ತದೆ ಇರೋ ಬಟ್ಟೆ ಇದೆಯಾ?" ಬಿಗಿಯಕ್ಕ ಸುರುಳಿಗಳನ್ನೆಲ್ಲ ಉರುಳಿಸಿ ಹಾಕಿದಳು. ಮೊದಲು ಆರಿಸಿದ್ದು ಒತ್ತಡ ಅಳೆಯುವ ಯಂತ್ರ ಇಟ್ಟರೆ ಫೇಲು. ಎರಡನೆಯದೂ ಫೇಲು. ಕೊನೆಗೆ ಒಳಉಡುಪಿನ ಮೆತ್ತನೆಯ ಹೆಣಿಗೆ ಬಟ್ಟೆಗೆ ಅದೇ ಬಣ್ಣ ಹಾಕಿಸಿ ಹೊಲಿದರೆ, ನೋಡಲು ಅವಳಿಜವಳಿ, ಒತ್ತುವುದು ಮಾತ್ರ ಸೊನ್ನೆ! ಅಮ್ಮ ಎರಡನ್ನೂ ಎಳೆದೆಳೆದು ನೋಡಿ, "ಈಗ ಮನುಷ್ಯರು ಹೊಲಿದ ಹಾಗಿದೆ" ಅಂದಳು. ಬಿಗಿಯಕ್ಕ ಹಲ್ಲು ಕಚ್ಚಿಕೊಂಡು ನಕ್ಕಳು. ಅವತ್ತಿನಿಂದ ರೋಗಿಯ ಜೊತೆ ಮನೆಯ ಒಬ್ಬರಾದರೂ ಬರಲೇಬೇಕು ಅಂತ ನಿಯಮವಾಯಿತು. ಸೂಜಿ ಮುಟ್ಟಿದರೆ ಜೋಕೆ ಅಂತ ಹೇಳುವ ಕೆಲಸ ಬಿಗಿಯಕ್ಕನದು. ಅದನ್ನು ಅವಳು ಬಹಳ ಸಂತೋಷದಿಂದ ಮಾಡಿದಳು.

ಅಂಕ ಹಾಕುವ ದಿನಗಳು ಬಂದವು. ಬೇರೆ ಆಸ್ಪತ್ರೆಯ ಡಾಕ್ಟರು, ಬೋಳುತಲೆಯ ನಗುಮುಖದ ಹಿರಿಯ, ಒಬ್ಬೊಬ್ಬರ ಕೈಯನ್ನೂ ಹಿಡಿದು, ಹಿಂಡಿ, ಬಾಗಿಸಿ, ಕಲೆಯ ಬಣ್ಣಕ್ಕೊಂದು, ದಪ್ಪಕ್ಕೊಂದು, ಬಾಗುವುದಕ್ಕೊಂದು ಅಂತ ಅಂಕ ಕೊಡುತ್ತಿದ್ದರು. ಒಂದು ಮಧ್ಯಾಹ್ನ ಟೀ ಲೋಟ ಹಿಡಿದು ಬಿಗಿಯಕ್ಕನ ಬಾಗಿಲಿಗೆ ಒರಗಿದರು.

"ಆ ಬೇಕರಿ ಹುಡುಗನದು ಎಡಗೈ ತಾನೇ ಬಿಗಿ? ನನಗಂತೂ ಹಾಗೇ ಕಾಣ್ತು."

ಬಿಗಿಯಕ್ಕನ ನಾಲಿಗೆ ತುದಿಗೆ ಬಂದದ್ದು ಹಲ್ಲಿಗೆ ತಾಗಿ ನಿಂತಿತು. ಒಂದೇ ಒಂದು ಹೂಂಗುಟ್ಟಿದರೂ ಸಾಕು, ಮುಂದಿನ ಕೈಗಳಿಗೆಲ್ಲ ಇವರ ಕಣ್ಣೇ ಬೇರೆಯಾಗುತ್ತದೆ. ಅವಳು ಪೆಡಲ್ ಒತ್ತಿದಳು. ಮಿಷನ್ನು ಖಾಲಿ ಸೂಜಿಯಲ್ಲಿ ಗಡಗಡ ಅಂತ ಓಡಿತು.

"ಏನಂದ್ರಿ ಸಾರ್? ಮಿಷನ್ ಸದ್ದಲ್ಲಿ ಒಂದೂ ಕೇಳಿಸ್ತಿಲ್ಲ!"

"ಬಟ್ಟೆಯೇ ಇಲ್ಲವಲ್ರೀ ಅದರಲ್ಲಿ?"

"ಹಾಂ? ಜೋರಾಗಿ ಹೇಳಿ ಸಾರ್!"

ಅವರು ಹೊಟ್ಟೆ ಕುಲುಕಿಸಿ ನಗುತ್ತಾ ಹೊರಟುಹೋದರು.

ಕೊನೆಯ ರೋಗಿಯ ಅಂಕವೂ ಮುಗಿದ ಮೇಲೆ ಲೆಕ್ಕದ ಮಾಸ್ತರ ಎಲ್ಲರನ್ನೂ ಮೇಲಿನ ಮಹಡಿಗೆ ಕರೆದ. ಬಿಗಿಯಕ್ಕನಿಗೆ ಲಿಫ್ಟಿಗೆ ಕಾಯುವ ತಾಳ್ಮೆ ಎಲ್ಲಿ? ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಹೋದಳು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಮಾಸ್ತರ ಅಲ್ಲಿಯವರೆಗೆ ಅಂಕಗಳನ್ನು 'ಕ' ತೋಳು, 'ಖ' ತೋಳು ಅಂತಷ್ಟೇ ಇಟ್ಟುಕೊಂಡು ಕೂಡಿ ಕಳೆದಿದ್ದ. ಬಿಗಿಯಕ್ಕನಿಗೆ ಫೋನಿನಲ್ಲಿ ಹೇಳಿದ್ದ ಪಟ್ಟಿಯನ್ನು, ಲೆಕ್ಕ ಮಾಡುವಾಗ ಯಾವುದು ಬಿಗಿ ಅಂತ ಅವನಿಗೂ ಕಾಣದ ಹಾಗೆ ಬೇರೆಯಾಗಿ ಮುಚ್ಚಿಟ್ಟಿದ್ದರು. ಈಗ ಆ ಮುಚ್ಚಳ ತೆಗೆದ. ಕನ್ನಡಕ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಕನ್ನಡಕ ಆಮೇಲೆ ಒರೆಸ್ಕೊಳ್ಳಿ, ಮೊದಲು ಹೇಳಿ ಮಾರಾಯ್ರೆ!"

"ಉಬ್ಬಿದ ದಪ್ಪ ಕಲೆಗಳಲ್ಲಿ ಬಿಗಿ ತೋಳಿನ ಕೈ ಮೇಲು. ತುಂಬಾ ಅಲ್ಲ. ಆದರೆ ಆಕಸ್ಮಿಕ ಅಂತ ತಳ್ಳಿಹಾಕೋ ಹಾಗಿಲ್ಲ."

"ಅಷ್ಟು ಜನ ಅಮ್ಮಂದಿರು ಹೊಲಿಗೆ ಹಾಕಿದ್ರೂ?"

"ಅವರನ್ನೆಲ್ಲ ಸೇರಿಸಿ ಎಣಿಸಿದ್ರೂ."

ಬಿಗಿಯಕ್ಕ ಮೇಜಿಗೆ ಗುದ್ದಿದ ಗುದ್ದಿಗೆ ಪೆನ್ನುಗಳು ಉರುಳಿದವು. ಡಾಕ್ಟ್ರಮ್ಮನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. ದೊಡ್ಡ ಡಾಕ್ಟ್ರು ಕೂಡ, "ನಾನು ಹೇಳಿರ್ಲಿಲ್ವಾ?" ಅಂತ ಎದ್ದರು.

"ಇನ್ನೂ ಮುಗಿದಿಲ್ಲ" ಅಂದ ಮಾಸ್ತರ. "ಚಪ್ಪಟೆ ಕಲೆಗಳಲ್ಲಿ ಎರಡೂ ಕೈ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣ್ತಿಲ್ಲ."

ದೊಡ್ಡ ಡಾಕ್ಟ್ರು ಮೊದಲು ಮಾತಾಡಿದರು. "ಮೊದಲನೇದನ್ನ ದೊಡ್ಡದಾಗಿ ಹಾಕೋಣ. ಎರಡನೇದು ಕೊನೆಯಲ್ಲೆಲ್ಲೋ ಒಂದು ಸಾಲು ಸಾಕು."

"ಸಾರ್" ಅಂದಳು ಬಿಗಿಯಕ್ಕ. "ನನ್ನ ಹತ್ರ ಬರೋರಲ್ಲಿ ಅರ್ಧಕ್ಕರ್ಧ ಚಪ್ಪಟೆ ಕಲೆಯೋರು. ಅವರಿಗೂ ನಾನೇ ತೊಡಿಸಿದ್ದು. ಅವರೇನು ಕೊನೆಯಲ್ಲೆಲ್ಲೋ ಬೆವರಿದ್ರಾ?"

ದೊಡ್ಡ ಡಾಕ್ಟ್ರು ಉರುಳಿದ ಪೆನ್ನೊಂದನ್ನು ಎತ್ತಿ ಮೇಜಿನ ಮೇಲಿಟ್ಟರು. "ಸರಿ, ಎರಡನ್ನೂ ಒಟ್ಟಿಗೇ ಹಾಕಿ" ಅಂದರು. ಇದು ಒಂದೇ ಆಸ್ಪತ್ರೆಯ ಮಾತು, ಬೇರೆ ಕಡೆಯವರೂ ಮಾಡಿ ನೋಡಬೇಕು ಅಂತ ಡಾಕ್ಟ್ರಮ್ಮ ಸೇರಿಸಿದಳು. ಬಿಗಿಯಕ್ಕ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಕೋಣೆಯಲ್ಲಿ ಇಸ್ತ್ರಿ ಅಂಗಡಿಯವಳು ಅಳತೆಗೆ ಕಾದು ಕೂತಿದ್ದಳು. ಹಬೆ ತಾಗಿ ಎಡಗೈ ಬೆಂದಿತ್ತು. ಬಿಗಿಯಕ್ಕ ಕಲೆಯ ಮೇಲೆ ಹೆಬ್ಬೆರಳು ಓಡಿಸಿದಳು. ಹಾಸಿದ ಕಾಗದದ ಹಾಗೆ ಚಪ್ಪಟೆ.

"ನಿನಗೆ ಇದು ಬೇಡ ಕಣಮ್ಮ. ಎಣ್ಣೆ ಹಚ್ಚಿ ತಿಕ್ಕು, ಬಿಸಿಲಿಗೆ ಮುಚ್ಕೊ. ಉಬ್ಬೋಕೆ ಶುರುವಾದ್ರೆ ಓಡಿ ಬಾ."

ಅವಳು ದಡಕ್ಕನೆ ಎದ್ದಳು. "ಯಾಕೆ ಬೇಡ? ಪಕ್ಕದ ಬೆಡ್ಡಿನವಳಿಗೆ ಅಳತೆ ತಗೊಂಡ್ರಿ, ನನಗೆ ಮಾತ್ರ ಎಣ್ಣೆನಾ? ಕೇಳೋರು ಯಾರೂ ಇಲ್ಲ ಅಂತಾನಾ?"

ಎಷ್ಟೋ ವರ್ಷ ಆ ಕೋಣೆಯಲ್ಲಿ ಜನ ಬಟ್ಟೆ ಬೇಡ ಅಂತ ಜಗಳ ಆಡಿದ್ದರು. ಬೇಕು ಅಂತ ಆಡಿದವಳು ಇವಳೇ ಮೊದಲು.

"ಅವಳ ಕಲೆ ದಪ್ಪ, ನಿಂದು ಚಪ್ಪಟೆ. ಚಪ್ಪಟೆಗೆ ಇದರಿಂದ ಉಪಯೋಗ ಇಲ್ಲ."

"ಹಾಗಂತ ಯಾರಂದ್ರು? ಹೋದ ವಾರ ನೀವೇ ತಾನೇ, ಹಾಕ್ಲೇಬೇಕು ಅಂದಿದ್ದು?"

"ಹೋದ ವಾರ ನನಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಹೇಳಿದ್ರಾ? ಹಾಗಿದ್ರೆ ಈಗ ಹೇಳೋದನ್ನ ನಾನ್ಯಾಕೆ ನಂಬ್ಲಿ?"

ಬಿಗಿಯಕ್ಕನ ಮುಖ ಅರಳಿಬಿಟ್ಟಿತು. "ನಂಬ್ಬೇಡ!" ಅಂತ ಕೂಗಿದಳು. "ಹೀಗೇ ಕೇಳು. ಬಾ ನನ್ನ ಜೊತೆ, ಡಾಕ್ಟ್ರಮ್ಮ ಇದ್ದಾರೆ, ದೊಡ್ಡ ಡಾಕ್ಟ್ರೂ ಅಲ್ಲೇ ಇದ್ದಾರೆ. ಅವರಿಗೂ ಕೇಳು, ಎಣಿಸಿದವನಿಗೂ ಕೇಳು. ನಿನ್ನ ಹೊಟ್ಟೆಗೆ ಸಮಾಧಾನ ಆಗೋವರೆಗೂ ಒಬ್ಬರನ್ನೂ ಬಿಡ್ಬೇಡ."

ಅಳತೆಟೇಪನ್ನು ಮೇಜಿನ ಮೇಲೆ ಎಸೆದು, ಇಸ್ತ್ರಿ ಅಂಗಡಿಯವಳ ಒಳ್ಳೆಯ ಕೈ ಹಿಡಿದುಕೊಂಡು, ಬಿಗಿಯಕ್ಕ ಮತ್ತೆ ಮೆಟ್ಟಿಲು ಹತ್ತಿದಳು.